ಹೊಳೆಗಿಂತ ಮೊದಲು ಹಳ್ಳ: ಮಲಪ್ರಭೆ ದಂಡೆಯ ಒಂದು ಮನೆ ಪ್ರವಾಹಕ್ಕೆ ಕಾದ ಬಗೆ

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಮಲಪ್ರಭೆ ದಂಡೆಯ ಊರುಗಳಿಗೆ ಪ್ರವಾಹ ಬರಬೇಕಾದರೆ ಅಲ್ಲಿ ಮಳೆ ಆಗಿರಬೇಕು ಅಂತೇನಿಲ್ಲ. ಮಳೆ ಬೀಳುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಡೆ, ಘಟ್ಟದಲ್ಲಿ. ಆ ನೀರು ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯಕ್ಕೆ ಬಂದು ತುಂಬುತ್ತದೆ. ಅದರ ಗರಿಷ್ಠ ಮಟ್ಟ 2079.50 ಅಡಿ, ಹಿಡಿಯುವ ನೀರು 37.73 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅಷ್ಟು ತುಂಬಿದ ಮೇಲೆ ಬಂದದ್ದನ್ನೆಲ್ಲ ಹೊಳೆಗೆ ಬಿಡುವುದೊಂದೇ ದಾರಿ. ನರಗುಂದದಲ್ಲಿ ಬಿಸಿಲು ಬಿದ್ದಿರುತ್ತದೆ, ಹೆಸರುಕಾಳಿನ ಒಕ್ಕಣೆ ನಡೆದಿರುತ್ತದೆ, ಹೊಳೆ ಮಾತ್ರ ಏರುತ್ತಿರುತ್ತದೆ. 2019ರ ಆಗಸ್ಟಿನಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿ ಕಡೆ ಆದದ್ದು ಇದೇ. 2009ರ ಸೆಪ್ಟೆಂಬರ್ ಕೊನೆಯ ಪ್ರವಾಹದ ಬಗೆ ಬೇರೆ. ಆಗ ಮಳೆ ನೇರ ನಮ್ಮ ಬಯಲು ಸೀಮೆಯ ಮೇಲೇ ಸುರಿದಿತ್ತು.

ಇದರ ಜೊತೆಗೆ ಬೆಣ್ಣಿಹಳ್ಳ. ಶಿಗ್ಗಾವಿ ತಾಲ್ಲೂಕಿನ ಕಡೆಯಿಂದ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆಭೂಮಿಯ ನೀರೆಲ್ಲ ಹೊತ್ತು ತಂದು ಮಲಪ್ರಭೆಗೆ ಸುರಿಯುತ್ತದೆ. ಅದಕ್ಕೆ ಅಣೆಕಟ್ಟೆಯೂ ಇಲ್ಲ, ಗೇಟೂ ಇಲ್ಲ. ಹಾಗಾಗಿ "ಡ್ಯಾಮಿನಿಂದ ಇಷ್ಟು ಕ್ಯೂಸೆಕ್ ಬಿಟ್ಟಾರ" ಎಂಬ ಒಂದೇ ಸುದ್ದಿ ಹಿಡಿದು ಕೂತವರಿಗೆ ಅರ್ಧ ಲೆಕ್ಕ ಮಾತ್ರ ಸಿಕ್ಕಿರುತ್ತದೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 20,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಐದೂವರೆ ಲಕ್ಷ ಲೀಟರಿಗೂ ಹೆಚ್ಚು.

ಕೆಳಗೆ ವಿವರಿಸಿರುವ ಮನೆ ಯಾರದೋ ಒಬ್ಬರ ಮನೆಯಲ್ಲ. ಈ ದಂಡೆಯ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಥಿತಿಗತಿಗಳನ್ನು ಒಂದೇ ಸೂರಿನಡಿ ತಂದು ಕಟ್ಟಿದ ಮಾದರಿ ಪ್ರಕರಣ. ಅಳತೆಗಳೂ ಮಾದರಿಯವೇ. ಲೆಕ್ಕ ಹಾಕುವ ಕ್ರಮವನ್ನು ಮಾತ್ರ ಯಾವ ಊರಿಗಾದರೂ ಹೊಂದಿಸಿಕೊಳ್ಳಬಹುದು.

ಮನೆ, ಮಂದಿ, ದಾರಿ

ಮನೆಯಲ್ಲಿ ಏಳು ಮಂದಿ. ಎಪ್ಪತ್ತು ದಾಟಿದ, ಇನ್ಸುಲಿನ್ ತಗೊಳ್ಳುವ ಅಜ್ಜಿ. ಹಿರಿಯ ಮಗ, ಸೊಸೆ, ಅವರ ಇಬ್ಬರು ಶಾಲೆ ಮಕ್ಕಳು, ಮದುವೆಯಾಗದ ಕಿರಿಯ ಮಗ, ಮತ್ತು ಹೆರಿಗೆಗೆಂದು ತವರಿಗೆ ಬಂದ ಎಂಟು ತಿಂಗಳ ಗರ್ಭಿಣಿ ಮಗಳು. ದನದ ಕೊಟ್ಟಿಗೆಯಲ್ಲಿ ಒಂದು ಜೋಡಿ ಎತ್ತು, ಹಾಲು ಕೊಡುವ ಎಮ್ಮೆ, ಅದರ ಕರು. ಮನೆಯ ಮುಂದಿನ ಎರಡು ಖೋಲಿಗೆ ಆರ್‌ಸಿಸಿ ಸ್ಲ್ಯಾಬ್, ಹಿಂದಿನದು ಹಳೆಯ ಮಣ್ಣಿನ ಮಾಳಿಗೆ, ಅಂದರೆ ಜಂತಿಯ ಮೇಲೆ ಮಣ್ಣು ಹಾಸಿದ ಚಾವಣಿ. ಹೊಳೆ ದಂಡೆಯ ಹೊಲದಲ್ಲಿ 5 ಎಚ್‌ಪಿ ಪಂಪ್‌ಸೆಟ್ಟು.

ಊರಿನಿಂದ ಎರಡು ಕಿಲೋಮೀಟರ್ ದೂರದ ಎತ್ತರದ ಜಾಗದಲ್ಲಿ 2009ರ ನಂತರ ಕಟ್ಟಿದ ನವಗ್ರಾಮ ಇದೆ. ನೆರೆ ಸಂತ್ರಸ್ತರಿಗೆ ಮನೆ ಕಟ್ಟಿಕೊಟ್ಟ ಆಸರೆ ಯೋಜನೆಯಲ್ಲಿ ಈ ಮನೆತನಕ್ಕೂ ಅಲ್ಲೊಂದು ಮನೆ ಸಿಕ್ಕಿದೆ. ಆದರೆ ವಾಸ ಇಲ್ಲ. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ಖೋಲಿ ಸಣ್ಣವು. ಜನರ ಈ ತಕರಾರು ಖರೇನೇ. ಅವರಿಗೆ ಬುದ್ಧಿ ಹೇಳುವುದಕ್ಕಿಂತ ಆ ಮನೆಯನ್ನು ವರ್ಷಕ್ಕೆ ಮೂರು ದಿನದ ಆಸರೆಗಾದರೂ ಸಜ್ಜಾಗಿ ಇಟ್ಟುಕೊಳ್ಳುವುದು ಲೇಸು. ಜೂನ್ ತಿಂಗಳಲ್ಲೇ ಬಾಗಿಲ ಮುಂದಿನ ಜಾಲಿಕಂಟಿ ಕಡಿದು, ಕದಕ್ಕೆ ಕೀಲಿ ಹಾಕಿ, ಒಂದು ಮೂಲೆಯಲ್ಲಿ ಕಣಿಕೆ (ಜೋಳದ ದಂಟಿನ ಮೇವು) ಒಟ್ಟಿಟ್ಟಿದ್ದರಿಂದ ಈ ಮನೆಯವರ ಅರ್ಧ ಹೊರೆ ಇಳಿದಿತ್ತು.

ಊರಿಗೂ ನವಗ್ರಾಮಕ್ಕೂ ನಡುವೆ ಒಂದು ಹಳ್ಳ, ಅದರ ಮೇಲೆ ಮೂರು ಪೈಪಿನ ತಗ್ಗು ಸಿಡಿ, ಅಂದರೆ ರಸ್ತೆ ಕೆಳಗೆ ಪೈಪಿನಲ್ಲಿ ಹಳ್ಳದ ನೀರು ಹಾಯುವ ಕಿರುಸೇತುವೆ. ಸಿಡಿಯ ಮೇಲಿನ ರಸ್ತೆಗಿಂತ ಮನೆಯ ಕಟ್ಟೆ ಮೂರು ಅಡಿ ಎತ್ತರ. ಇಡೀ ಪ್ರಕರಣ ನಿಂತಿರುವುದು ಈ ಮೂರು ಅಡಿಯ ಮೇಲೆ. ಮನೆಯ ಕಟ್ಟೆಗೆ ನೀರು ಮುಟ್ಟುವ ಹೊತ್ತಿಗೆ ದಾರಿ ಮೂರು ಅಡಿ ಮುಳುಗಿರುತ್ತದೆ. ಅಂಗಳಕ್ಕೆ ನೀರು ಬಂದ ಮೇಲೆ ಹೊರಡೋಣ ಅಂತ ಕೂತವರು ಹೊರಡುವುದೇ ಇಲ್ಲ.

ಮೊದಲ ದಿನ: ಬಣ್ಣದ ಮುನ್ಸೂಚನೆ

ಹವಾಮಾನ ಇಲಾಖೆ ಜಿಲ್ಲೆವಾರು ಬಣ್ಣ ಕೊಡುತ್ತದೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕೆ ಇಳಿಯಿರಿ. 24 ತಾಸಿನಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲಿನದು ವಿಪರೀತ. ಗದಗ ಜಿಲ್ಲೆಗೆ ಹಳದಿಯೂ ಇಲ್ಲ ಎಂದು ನಿಶ್ಚಿಂತೆಯಿಂದ ಮಲಗುವುದು ಈ ದಂಡೆಯಲ್ಲಿ ನಡೆಯುವ ದೊಡ್ಡ ತಪ್ಪು. ಇಲ್ಲಿಯವರು ನೋಡಬೇಕಾದದ್ದು ಬೆಳಗಾವಿ ಜಿಲ್ಲೆಯ ಬಣ್ಣ, ಜಲಾಶಯದ ಮಟ್ಟ, ಒಳಹರಿವು ಮತ್ತು ಹೊರಹರಿವು. ಬೆಣ್ಣಿಹಳ್ಳಕ್ಕಾಗಿ ಧಾರವಾಡ ಜಿಲ್ಲೆಯ ಮಳೆಯನ್ನೂ ನೋಡಬೇಕು. ಮಟ್ಟ ಗರಿಷ್ಠದ ಹತ್ತಿರ ಇದ್ದು ಒಳಹರಿವು ಹೊರಹರಿವಿಗಿಂತ ಬಹಳ ಹೆಚ್ಚಿದ್ದರೆ, ಗೇಟು ಇನ್ನಷ್ಟು ಎತ್ತುವುದು ಖಚಿತ. ಡಂಗುರ ಆಮೇಲೆ ಬರುತ್ತದೆ.

ಬೆಳಗಾವಿಗೆ ಕೆಂಪು ಬಂದ ದಿನ ಈ ಮನೆಯವರು ಮೊದಲು ಮಾಡಿದ್ದು ಪಂಪ್‌ಸೆಟ್ಟು ಎತ್ತಿ ತಂದದ್ದು. ಈ ಕೆಲಸದ ಹೊತ್ತು ತಪ್ಪಿದರೆ ಜೀವ ಹೋಗುತ್ತದೆ. ಏರುವ ಹೊಳೆಯಲ್ಲಿ ಮೋಟಾರು ತರಲು ಇಳಿದು ಕೊಚ್ಚಿಹೋಗುವ ಅಪಾಯ ಪ್ರತಿ ಪ್ರವಾಹದಲ್ಲೂ ಇದೆ. ಕಂಬದ ಫ್ಯೂಸು ತೆಗೆದು, ಸ್ಟಾರ್ಟರ್ ಬಿಚ್ಚಿ, ಪೈಪಿನ ಫ್ಲ್ಯಾಂಜ್ ಬೋಲ್ಟು ಸಡಿಲಿಸಿ, ಇಬ್ಬರು ಸೇರಿ ಬಂಡಿಗೆ ಹೇರಲು ಒಂದೂವರೆ ತಾಸು. ಮುನ್ಸೂಚನೆಯ ದಿನ ಆಗದಿದ್ದರೆ ಮೋಟಾರನ್ನು ಹೊಳೆಗೆ ಬಿಟ್ಟುಬಿಡಬೇಕು. ಪಂಚಾಯ್ತಿಯ ಮೈಕು ಕೂಗಿದ ಮೇಲೆ ಯಾರೂ ಹೊಳೆ ಕಡೆ ಕಾಲಿಡಕೂಡದು. ಪೈಪು ಹೋದರೆ ಹೋಗಲಿ.

ಸೊಸೆ ಅಂದೇ ರಾತ್ರಿ ಒಲೆ ಮುಂದೆ ಕೂತು ಖಡಕ್ ರೊಟ್ಟಿ ಬಡಿದಳು. ಏಳು ಮಂದಿಗೆ ಮೂರು ದಿನಕ್ಕೆ ಎಂಬತ್ತು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಎರಡು ಕಿಲೋ ಅವಲಕ್ಕಿ, ಒಂದು ಕಿಲೋ ಪುಟಾಣಿ, ಬೆಲ್ಲ. ನೆರೆಯ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಬೇರೆ ಇಲ್ಲ. ಬೆಂಕಿ ಬೇಡ, ಕೆಡುವುದಿಲ್ಲ, ಮಕ್ಕಳೂ ತಿನ್ನುತ್ತಾರೆ. ನೀರು ತಲೆಗೆ ದಿನಕ್ಕೆ ಐದು ಲೀಟರಿನಂತೆ ಮೂರು ದಿನಕ್ಕೆ 105 ಲೀಟರ್. ಐದು 20 ಲೀಟರ್ ಕ್ಯಾನು ಮತ್ತು ಒಂದು ಕೊಡ. ಇದು ಕುಡಿಯಲು, ಅಡಿಗೆಗೆ ಮಾತ್ರ. ಕಲಕು ನೀರೇ ಗತಿಯಾದರೆ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ತಿಳಿಯಾದ ಮೇಲೆ ಕೊತಕೊತ ಕುದಿ ಬಂದು ಒಂದು ನಿಮಿಷವಾದರೂ ಕುದಿಸಬೇಕು. ಆಶಾ ಕಾರ್ಯಕರ್ತೆ ಕೊಡುವ ಕ್ಲೋರಿನ್ ಗುಳಿಗೆ ಹಾಕಿದರೆ ಅರ್ಧ ತಾಸು ಬಿಟ್ಟೇ ಕುಡಿಯಬೇಕು. ಕೆಸರು ನೀರಿಗೆ ನೇರ ಗುಳಿಗೆ ಹಾಕಿದರೆ ಕ್ಲೋರಿನ್ನೆಲ್ಲ ಕೆಸರಿಗೇ ಹೋಗುತ್ತದೆ.

ಅಜ್ಜಿಯ ಇನ್ಸುಲಿನ್ ಬಗ್ಗೆ ಮನೆಯಲ್ಲಿ ದೊಡ್ಡ ದಿಗಿಲು, ಕರೆಂಟು ಹೋದರೆ ಫ್ರಿಜ್ ಇಲ್ಲವಲ್ಲ ಎಂದು. ಬಳಕೆಯಲ್ಲಿರುವ ಬಾಟಲಿ ಫ್ರಿಜ್ ಹೊರಗೆ, ಬಿಸಿಲು ತಾಕದ ಜಾಗದಲ್ಲಿ, 30 ಡಿಗ್ರಿ ಒಳಗೆ ಇದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ನಿಖರ ಅವಧಿ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಒಂದು ಮಣ್ಣಿನ ಗಡಿಗೆಯಲ್ಲಿ ಹಸಿ ಉಸುಕು ಹಾಕಿ, ಅದರ ನಡುವೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಟಲಿ ಇಟ್ಟರು. ಮಂಜುಗಡ್ಡೆಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ. ಗರ್ಭಿಣಿಯ ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ, ಎಲ್ಲರ ಆಧಾರ್, ರೇಷನ್ ಕಾರ್ಡು, ಹೊಲದ ಉತಾರ (ಪಹಣಿ), ಪಾಸ್‌ಬುಕ್ಕು, ಬೆಳೆವಿಮೆ ರಸೀದಿ ಎರಡು ಪದರದ ಪ್ಲಾಸ್ಟಿಕ್ ಚೀಲಕ್ಕೆ ಸೇರಿದವು. ಕಿರಿಯ ಮಗ ಮನೆಯ ನಾಲ್ಕೂ ಗೋಡೆ, ಚಾವಣಿ, ಕಾಳಿನ ಚೀಲ, ಕೊಟ್ಟಿಗೆಯ ಫೋಟೋ ತೆಗೆದುಕೊಂಡ. 2019ರಲ್ಲಿ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿದಾಗ ತಂಟೆ ಎದ್ದದ್ದೆಲ್ಲ ವರ್ಗದ ಮೇಲೆಯೇ. ಮೊದಲು ಗೋಡೆ ಹೇಗಿತ್ತು ಎಂಬುದಕ್ಕೆ ಫೋಟೋ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಎರಡನೆಯ ದಿನ: ಕೋಲಿನ ಲೆಕ್ಕ

ಮಧ್ಯಾಹ್ನ ಎರಡಕ್ಕೆ ಪಂಚಾಯ್ತಿಯ ಆಟೋ ಮೈಕು ಕೂಗುತ್ತ ಬಂತು. ಅಜ್ಜಿ ಪಡಸಾಲೆಯಲ್ಲಿ ಕೂತಲ್ಲೇ, "ಈ ಹೊಳಿ ನಾ ನೋಡದ್ದೇನಪಾ? ಆ ವರ್ಷಾನೂ ಕಟ್ಟಿ ಹತ್ತಲಿಲ್ಲ ನೀರು. ನೀರು ಬಂದ್ರ ಮಾಳಗಿ ಏರಿ ಕುಂತರಾತು" ಅಂದಳು.

ಅಜ್ಜಿಯ ಮಾತಿನಲ್ಲಿ ನೀರಿನ ಲೆಕ್ಕ ಸರಿಯೇ ಇರಬಹುದು, ಮಾಳಿಗೆಯ ಲೆಕ್ಕ ತಪ್ಪು. ಹತ್ತಡಿ ಉದ್ದ ಹತ್ತಡಿ ಅಗಲದ ಖೋಲಿಯ ಮೇಲೆ ಒಂದಡಿ ಮಣ್ಣಿದ್ದರೆ ಒಣಗಿದ್ದಾಗಲೇ ಅದರ ತೂಕ ನಾಲ್ಕೂವರೆ ಟನ್ ಹತ್ತಿರ. ನೂರಕ್ಕೆ ಹತ್ತರಷ್ಟು ನೀರು ಕುಡಿದರೆ ಇನ್ನೂ ನಾನೂರೈವತ್ತು ಕಿಲೋ. ಅದೇ ಹೊತ್ತಿಗೆ ಗೋಡೆಯ ಬುಡ ನೆನೆದು ಮೆತ್ತಗಾಗಿರುತ್ತದೆ, ಕೆಳಗಿನ ಎರೆಮಣ್ಣು ಉಬ್ಬಿರುತ್ತದೆ. ಜಂತಿಯ ತುದಿ ಗೋಡೆಯೊಳಗೆ ಕೊಳೆತಿದ್ದರಂತೂ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮಣ್ಣಿನ ಮಾಳಿಗೆಯ ಮೇಲೂ ಕೆಳಗೂ ಯಾರೂ ಇರಬಾರದು. ಏರಲೇಬೇಕಾದರೆ ಆರ್‌ಸಿಸಿ ಸ್ಲ್ಯಾಬ್ ಮೇಲೆ. ಅದೂ ಕಟ್ಟಿದ್ದು ಕಾಲಂ ಮೇಲೋ ಮಣ್ಣಿನ ಗೋಡೆಯ ಮೇಲೋ ನೋಡಿಕೊಂಡು.

ಹಿರಿಯ ಮಗ ಅಜ್ಜಿಯ ಜೊತೆ ವಾದಕ್ಕೆ ಇಳಿಯಲಿಲ್ಲ. "ಯವ್ವಾ, ನೀ ಹೇಳೂದು ಖರೆ, ಕಟ್ಟಿ ಹತ್ತಲಿಕ್ಕಿಲ್ಲ. ಆದ್ರ ತಂಗಿಗೆ ರಾತ್ರಿ ಬ್ಯಾನಿ ಬಂದ್ರ ಹಳ್ಳ ಹೆಂಗ ದಾಟಸೂದು?" ಎಂದ. ಹಿರಿಯರನ್ನು ನೀರಿನ ಹೆದರಿಕೆ ಎಬ್ಬಿಸುವುದಿಲ್ಲ. ಮನೆಯಲ್ಲಿ ಯಾರಿಗೆ ಏನು ಬೇಕಾಗಬಹುದು ಎಂಬ ಮಾತು ಎಬ್ಬಿಸುತ್ತದೆ.

ಆಮೇಲೆ ಅಣ್ಣ ತಮ್ಮ ಸಿಡಿಗೆ ಹೋಗಿ ನೋಡಿದ್ದು ಎರಡು ಸಂಗತಿ: ರಸ್ತೆಯ ಮಟ್ಟಕ್ಕಿಂತ ನೀರು ಎಷ್ಟು ಕೆಳಗಿದೆ, ತಾಸಿಗೆ ಎಷ್ಟು ಏರುತ್ತಿದೆ. ಇಂಚು ಗುರುತು ಹಾಕಿದ ಒಂದು ಬಿದಿರುಕೋಲು ಸಾಕು. ಅದನ್ನು ದಂಡೆಯಲ್ಲಿ ನಿಂತೇ ಅಳೆಯುವಂತೆ ಸಿಡಿಯ ಕಲ್ಲಿಗೆ ಮೊದಲೇ ಕಟ್ಟಿರಬೇಕು. ಮೂರು ಗಂಟೆಗೆ ನೀರು ರಸ್ತೆಯಿಂದ 5 ಅಡಿ 2 ಇಂಚು ಕೆಳಗಿತ್ತು. ನಾಲ್ಕಕ್ಕೆ 4 ಅಡಿ 10 ಇಂಚು. ಐದಕ್ಕೆ 4 ಅಡಿ 4 ಇಂಚು. ಆರಕ್ಕೆ 3 ಅಡಿ 8 ಇಂಚು. ಅಂದರೆ ಏರಿಕೆ ಮೊದಲ ತಾಸು 4 ಇಂಚು, ಆಮೇಲೆ 6, ಆಮೇಲೆ 8. ಏರುವ ವೇಗವೇ ಏರುತ್ತಿದೆ. ಒಂದೇ ಸಲ ನೋಡಿ ಬಂದವನಿಗೆ "ಇನ್ನೂ ಐದಡಿ ಐತಿ" ಅಂತಷ್ಟೇ ಕಂಡಿರುತ್ತದೆ.

ಹೊರಡಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಕೂತು ಎಣಿಸಿದ್ದರು. ಸಾಮಾನು ಹೇರಲು 45 ನಿಮಿಷ, ದನ ಹೊಡೆದುಕೊಂಡು ಎರಡು ಕಿಲೋಮೀಟರ್ ನಡೆಯಲು 40, ಬಂಡಿ ಮರಳಿ ಬಂದು ಎರಡನೆಯ ಸಲ ಹೋಗಲು ಇನ್ನೊಂದಿಷ್ಟು. ಒಟ್ಟು ಎರಡು ತಾಸು ಹಿಡಿದರು. ತಾಸಿಗೆ 8 ಇಂಚಿನಂತೆ ಎರಡು ತಾಸಿಗೆ 16 ಇಂಚು. ಏರಿಕೆ ಜೋರಾದೀತು, ಬಂಡಿಯ ಗಾಲಿ ಕೆಸರಿಗೆ ಸಿಕ್ಕೀತು, ಎಮ್ಮೆ ಮೊಂಡು ಹಿಡಿದೀತು ಎಂದು ಅದನ್ನು ದುಪ್ಪಟ್ಟು ಮಾಡಿದರೆ 32 ಇಂಚು. ಅಂದರೆ ನೀರು ರಸ್ತೆಯಿಂದ 2 ಅಡಿ 8 ಇಂಚು ಕೆಳಗೆ ಇರುವಾಗಲೇ ಮನೆಯಿಂದ ಹೊರಬಿದ್ದಿರಬೇಕು. ನೋಡಲು ಹಳ್ಳ ಆಗ ಶಾಂತವಾಗಿರುತ್ತದೆ, ರಸ್ತೆ ಒಣಗಿರುತ್ತದೆ, ಹೊರಟವರನ್ನು ಊರವರು ನಗುತ್ತಾರೆ. ನಗಲಿ.

ಲೆಕ್ಕದ ಪ್ರಕಾರ ಆ ಗುರುತು ರಾತ್ರಿ ಏಳೂವರೆ ಸುಮಾರಿಗೆ ಬರುತ್ತಿತ್ತು. ಆಗಸ್ಟಿನಲ್ಲಿ ಏಳರ ಒಳಗೇ ಹೊತ್ತು ಮುಳುಗುತ್ತದೆ, ಕರೆಂಟು ಅಷ್ಟರಲ್ಲಿ ತೆಗೆದಿರುತ್ತಾರೆ. ಕತ್ತಲಲ್ಲಿ ಬೀಳುವ ಗುರುತನ್ನು ಬೆಳಕಿರುವಾಗಲೇ ಬಂದಂತೆ ಎಣಿಸಬೇಕು. ಇದರಲ್ಲಿ ರಾಜಿ ಇಲ್ಲ. ಈ ಮನೆಯವರು ಲೆಕ್ಕ ಪೂರ್ತಿಯಾಗುವ ತನಕ ಕಾಯದೆ ನಾಲ್ಕಕ್ಕೇ ದನ ಹೊಡೆದರು. ಐದಕ್ಕೆ ಅಜ್ಜಿ, ಗರ್ಭಿಣಿ, ಮಕ್ಕಳು, ಸೊಸೆ ಬಂಡಿಯಲ್ಲಿ ಹೋದರು. ಆರರ ಅಳತೆ ಮುಗಿಸಿ, ಮನೆಗೆ ಕೀಲಿ ಹಾಕಿ, ಗಂಡಸರು ಕೊನೆಯ ಸಾಮಾನಿನೊಂದಿಗೆ ಸಿಡಿ ದಾಟಿದಾಗ 6.40.

ಈ ಹಳ್ಳದ ಒಂದು ಗುಣ ಬಿಡಿಸಿ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲೇ. ಮಲಪ್ರಭೆ ತುಂಬಿದಾಗ ಹಳ್ಳದ ನೀರು ಹೊಳೆಗೆ ಹೋಗದೆ ನಿಲ್ಲುತ್ತದೆ, ಆಮೇಲೆ ಹೊಳೆಯೇ ಹಳ್ಳದೊಳಗೆ ಹಿಂದಕ್ಕೆ ಸರಿಯುತ್ತದೆ. ಸೆಳವಿಲ್ಲ, ಸದ್ದಿಲ್ಲ. ಕಸಕಡ್ಡಿ ನಿಂತಲ್ಲೇ ನಿಂತಿರುತ್ತವೆ, ಇಲ್ಲವೇ ಮೆಲ್ಲಗೆ ಊರ ಕಡೆಗೇ ತೇಲುತ್ತವೆ. ಕಸ ಉಲ್ಟಾ ತೇಲುವುದು ಕಂಡರೆ ಅಳತೆಗೂ ಕಾಯದೆ ಹೊರಡಬೇಕು. ಮೇಲಿನಿಂದ ಬೆಣ್ಣಿಹಳ್ಳದ ಕಡೆಯ ನೀರೂ ಬಂತೆಂದರೆ ಜಾಲಿಕಂಟಿ, ರವದಿ ಬಂದು ಪೈಪಿನ ಬಾಯಿ ಕಟ್ಟಿ, ಒಂದು ಕಡೆ ನೀರು ಸಟ್ಟನೆ ಏರುತ್ತದೆ. ಹಾಗಾಗಿ ಸಿಡಿಯ ಎರಡೂ ಮಗ್ಗುಲು ಅಳೆದು, ಹೆಚ್ಚಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕು.

ರಸ್ತೆ ಮೇಲೆ ನೀರು ಹತ್ತಿದ ಮೇಲೆ ಟ್ರ್ಯಾಕ್ಟರ್ ಇದ್ದರೂ ದಾಟಬಾರದು. ಹರಿಯುವ ನೀರು ಅರ್ಧ ಅಡಿ ಇದ್ದರೂ ಆಳನ್ನು ಕೆಡವುತ್ತದೆ, ಒಂದಡಿ ಸಣ್ಣ ಕಾರನ್ನು ಎತ್ತುತ್ತದೆ, ಎರಡಡಿಗೆ ದೊಡ್ಡ ಗಾಡಿಗಳೂ ಹೋಗುತ್ತವೆ. ಟ್ರ್ಯಾಕ್ಟರ್ ತೂಕಕ್ಕೆ ನಿಂತರೂ ಹಿಂದಿನ ಟ್ರೇಲರ್ ಅಡ್ಡ ಸರಿದು ಅದನ್ನೂ ಎಳೆಯುತ್ತದೆ. ಡಾಂಬರಿನ ಅಂಚಿನ ಎರೆಮಣ್ಣು ಕೆಳಗೆ ಕೊರೆದು ಹೋಗಿದ್ದು ನೀರಿನ ಮೇಲೆ ಕಾಣುವುದಿಲ್ಲ. ಹೊತ್ತು ಮೀರಿ ಊರೊಳಗೇ ಉಳಿದವರು ಶಾಲೆಯ ಸ್ಲ್ಯಾಬ್ ಅಥವಾ ಊರ ಎತ್ತರದ ಗಟ್ಟಿ ಕಟ್ಟಡ ಸೇರಿ 112ಕ್ಕೋ ಜಿಲ್ಲಾ ಸಹಾಯವಾಣಿ 1077ಕ್ಕೋ ತಿಳಿಸಬೇಕು. ಎಷ್ಟು ಮಂದಿ, ಯಾವ ಕಟ್ಟಡ, ಗರ್ಭಿಣಿ ಅಥವಾ ರೋಗಿ ಇದ್ದಾರೆಯೇ ಎಂಬಷ್ಟೇ ಸಾಕು. ಕರೆ ಹತ್ತದಿದ್ದರೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ.

ಮನೆ ಬಿಡುವ ಮುಂಚಿನ ಅರ್ಧ ತಾಸು

ಮೊದಲು ಕರೆಂಟಿನ ಮೇನ್ ಸ್ವಿಚ್. ನೆಲ ಒಣಗಿರುವಾಗ, ಕಾಲಿಗೆ ಚಪ್ಪಲಿ ಇದ್ದು, ಒಣ ಕೈಯಿಂದ ಇಳಿಸಬೇಕು. ನೆಲದ ಮೇಲೆ ಆಗಲೇ ನೀರಿದ್ದರೆ ಬೋರ್ಡಿನ ಹತ್ತಿರ ಹೋಗದೆ ಹೆಸ್ಕಾಂನ 1912ಕ್ಕೆ ಹೇಳಿ ಕಂಬದಲ್ಲೇ ತೆಗೆಸಬೇಕು.

ಗ್ಯಾಸ್ ಸಿಲಿಂಡರಿನ ವಿಷಯದಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ: ತುಂಬಿದ್ದು ಭಾರ, ತೇಲುವುದಿಲ್ಲ ಎಂದು. ತುಂಬಿದ ಮನೆ ಸಿಲಿಂಡರಿನ ತೂಕ ಹೆಚ್ಚುಕಡಿಮೆ 30 ಕಿಲೋ, ಅದು ಸರಿಸುವ ನೀರು ಸುಮಾರು 35 ಲೀಟರ್. ಹಾಗಾಗಿ ತುಂಬಿದ್ದೂ ತೇಲುತ್ತದೆ, ಖಾಲಿಯದಂತೂ ಚೆಂಡಿನಂತೆ. ರೆಗ್ಯುಲೇಟರ್ ತೆಗೆದು, ಪ್ಲಾಸ್ಟಿಕ್ ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ಕಿಟಕಿಯ ಸರಳಿಗೆ ಎರಡು ಕಡೆ ಹಗ್ಗ ಬಿಗಿದರು. ಜೋಳದ ಚೀಲ ಅಟ್ಟಕ್ಕೆ ಹೋಗದಷ್ಟು ಇದ್ದವು. ಮಂಚದ ಮೇಲೆ ಹಲಗೆ ಹಾಸಿ, ತಾಡಪತ್ರಿ ಸುತ್ತಿ ಒಟ್ಟಿದರು. ಮಣ್ಣಿನ ಗೋಡೆಗೆ ಒರಗಿಸಲಿಲ್ಲ, ಒಂದೂವರೆ ಅಡಿ ಬಿಟ್ಟರು.

ದನಗಳನ್ನು ಕಟ್ಟಿಟ್ಟು ಹೋಗುವುದಕ್ಕಿಂತ ದೊಡ್ಡ ಕ್ರೌರ್ಯ ಇಲ್ಲ. ಒಯ್ಯಲು ಆಗದಿದ್ದರೆ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಡಬೇಕು. ಅವು ಈಸುತ್ತವೆ, ಎತ್ತರ ಹುಡುಕುತ್ತವೆ. ಒಯ್ದಲ್ಲಿಯೂ ಎಳೆದರೆ ಬಿಚ್ಚುವ ಜಾರುಗಂಟೇ ಇರಲಿ. ನವಗ್ರಾಮದಲ್ಲಿ ಮೊದಲೇ ಒಟ್ಟಿದ್ದ ಮೇವು ಸುಮಾರು ಒಂದು ಕ್ವಿಂಟಲ್. ದೊಡ್ಡ ದನಕ್ಕೆ ದಿನಕ್ಕೆ ಹತ್ತು ಕಿಲೋ ಒಣಮೇವಿನಂತೆ ಮೂರಕ್ಕೆ ಮೂರು ದಿನ, ಕರುವಿಗೊಂದಿಷ್ಟು. ಕುಡಿಯುವ ನೀರು ಇದಕ್ಕಿಂತ ಕಷ್ಟ: ಒಂದೊಂದಕ್ಕೂ ದಿನಕ್ಕೆ ನಲವತ್ತು ಲೀಟರಿಗೂ ಹೆಚ್ಚು ಬೇಕು. ಅಲ್ಲಿಯ ಬೋರ್‌ವೆಲ್ ಕೈಪಂಪು ನಡೆಯುತ್ತದೆಯೇ ಎಂದು ಜೂನಿನಲ್ಲೇ ಒತ್ತಿ ನೋಡಬೇಕು. ಹತ್ತಿರ ಕಾಳಜಿ ಕೇಂದ್ರ (ಸರ್ಕಾರದ ಪರಿಹಾರ ಶಿಬಿರ) ತೆರೆದಿದ್ದರೆ ಮನುಷ್ಯರಿಗೆ ಊಟದ ಚಿಂತೆಯಿಲ್ಲ, ದನಕ್ಕೆ ಮಾತ್ರ ತಾವೇ ಮಾಡಿಕೊಳ್ಳಬೇಕಾಗುತ್ತದೆ.

ಆದದ್ದು

ಸಿಡಿ ಮೇಲೆ ನೀರು ಹತ್ತಿದ್ದು ರಾತ್ರಿ ಹತ್ತೂವರೆಗೆ. ಮನೆಯ ಪಡಸಾಲೆಗೆ ಬೆಳಗಿನ ಜಾವ ನಾಲ್ಕು ಇಂಚು ನೀರು ಬಂದು, ಮರುದಿನ ಇಳಿಯಿತು. ನೀರಿನ ಅಂದಾಜಿನಲ್ಲಿ ಅಜ್ಜಿ ತಪ್ಪಿದ್ದು ನಾಲ್ಕೇ ಇಂಚು. ಆದರೆ ದಾರಿ ಬಿಟ್ಟದ್ದು ಎರಡು ದಿನದ ಮೇಲೆ. ಮನೆಯಲ್ಲೇ ಉಳಿದಿದ್ದರೆ ಏಳು ಮಂದಿ ನೆನೆದ ಮಣ್ಣಿನ ಗೋಡೆಯ ಪಕ್ಕ, ಎಂಟು ತಿಂಗಳ ಗರ್ಭಿಣಿಯನ್ನು ಇಟ್ಟುಕೊಂಡು, ಕರೆಂಟಿಲ್ಲದೆ, ಆಸ್ಪತ್ರೆಗೆ ದಾರಿಯಿಲ್ಲದೆ ಎರಡು ರಾತ್ರಿ ಕಳೆಯಬೇಕಿತ್ತು.

ಮರಳಿದ ಮೇಲಿನ ಕೆಲಸದಲ್ಲಿ ಅವಸರವೇ ಮೊದಲ ವೈರಿ. ಹಿಂದಿನ ಮಾಳಿಗೆಯ ಗೋಡೆಯಲ್ಲಿ ಬುಡದಿಂದ ಓರೆಯಾಗಿ ಹೊಸ ಬಿರುಕು ಬಿಟ್ಟಿತ್ತು. ಮಣ್ಣಿನ ಗೋಡೆ ಬೀಳುವುದು ಮಳೆಯಲ್ಲೇ ಎಂದಿಲ್ಲ. ಬಿಸಿಲು ಬಿದ್ದು ಹೊರಮೈ ಒಣಗಿ, ಒಳಗೆ ಹಸಿ ಉಳಿದು, ಎರೆಮಣ್ಣು ಕುಗ್ಗುವಾಗಲೂ ಬೀಳುತ್ತದೆ. ಬಿರುಕಿನ ಅಡ್ಡಕ್ಕೆ ಸುಣ್ಣದ ಗೀಟು ಎಳೆದು ದಿನಾ ನೋಡಿದರು. ಗೀಟು ಒಡೆದು ಅಗಲವಾಗುತ್ತಿದ್ದರಿಂದ ಆ ಖೋಲಿಗೆ ಕೀಲಿ ಹಾಕಿ, ಮಲಗುವುದನ್ನೆಲ್ಲ ಮುಂದಿನ ಖೋಲಿಗೆ ತಂದರು. ವೈರಿಂಗ್ ಒಣಗಿ ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಏರಿಸಲಿಲ್ಲ. ಹಾವು ಹೊಕ್ಕಿರಬಹುದಾದ್ದರಿಂದ ಸೌದೆ, ಚೀಲ, ಹಾಸಿಗೆಯನ್ನು ಕೋಲಿನಿಂದ ಸರಿಸಿಯೇ ಮುಟ್ಟಿದರು. ಹೊಲದ ಬೆಳೆ ಮುಳುಗಿದ್ದಕ್ಕೆ ವಿಮೆಯವರಿಗೆ 72 ತಾಸಿನೊಳಗೆ ತಿಳಿಸಬೇಕು. ಫೋನು ಚಾರ್ಜ್ ಉಳಿಸಿಕೊಂಡಿದ್ದ ಕಿರಿಯ ಮಗ ಅದನ್ನು ನವಗ್ರಾಮದಿಂದಲೇ ಮಾಡಿದ್ದ. ದನಗಳಿಗೆ ಗಳಲೆ ಮತ್ತು ಚಪ್ಪೆ ಬೇನೆಯ ಲಸಿಕೆ ಮಳೆಗಾಲದ ಮೊದಲೇ ಆಗಿತ್ತು. ಆಗದವರು ನೆರೆ ಇಳಿದ ಕೂಡಲೇ ಪಶು ಆಸ್ಪತ್ರೆಗೆ ಹೇಳಬೇಕು.

ಇನ್ನು ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಈ ಮನೆಯ ಹಳೆಯ ಹಗೇವಿನಲ್ಲಿ ಬಿತ್ತನೆ ಬಿಟ್ಟು ಉಳಿದ ಜೋಳವಿತ್ತು, ಅದರೊಳಕ್ಕೆ ನೀರು ಹೊಕ್ಕಿತ್ತು. ನೆನೆದ ಕಾಳು ಹುಳಿಯುತ್ತ ಉಸಿರು ಕಟ್ಟುವ ಗಾಳಿ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ, ವಾಸನೆಯಿಂದ ಗೊತ್ತಾಗುವುದಿಲ್ಲ. ಇಳಿದವನು ಬಿದ್ದನೆಂದು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಸಾಯುವುದು ಹೀಗೇ. ಬಾಯಿ ತೆರೆದು ಒಂದಿಡೀ ದಿನ ಬಿಟ್ಟರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು, ತಳ ಮುಟ್ಟುವ ಮೊದಲೇ ಅದು ಆರಿತು. ದೀಪ ಆರದಿದ್ದರೂ ಅದನ್ನೇ ನಂಬಿ ಇಳಿಯುವಂತಿಲ್ಲ. ಆರಿದರಂತೂ ಮಾತೇ ಇಲ್ಲ. ಕಾಳಿನ ಆಸೆ ಬಿಟ್ಟು, ಮಕ್ಕಳು ಹತ್ತಿರ ಸುಳಿಯದಂತೆ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಸುತ್ತ ಮುಳ್ಳುಕಂಟಿ ಹಚ್ಚಿದರು.